ಮಕ್ಕಳೊಡನೆ ಸೀಮೋಲ್ಲಂಘನ

ಆಶ್ವಯುಜ ಮಾಸ ಬಂತೆಂದರೆ ನಮ್ಮ ನಾಡಿನ ಬೆಳಕೇ ಬೇರೆಯಾಗುತ್ತದೆ. ಮಳೆ ತೊಳೆದಿಟ್ಟ ಆಕಾಶ, ತುಂಬಿದ ಕೆರೆ, ಕೋಡಿ ಹರಿಯುವ ಸದ್ದು, ಹೊಲದ ತುಂಬ ಪೈರು, ಬೇಲಿಯ ತುಂಬ ಹೂ - ಇವೆಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುವುದು ವರ್ಷದಲ್ಲಿ ಆಶ್ವಯುಜ, ಕಾರ್ತಿಕ ಎಂಬ ಈ ಎರಡು ತಿಂಗಳಲ್ಲಿ. ಇದೇ ಶರದೃತು. ಶರತ್ ಎಂಬ ಮಾತಿಗೆ ಸಂಸ್ಕೃತದಲ್ಲಿ ವರ್ಷ ಎಂಬ ಅರ್ಥವೂ ಉಂಟು. ಹಿಂದಿನವರು ಒಬ್ಬರಿಗೆ ದೀರ್ಘಾಯುಷ್ಯವನ್ನು ಹಾರೈಸುವಾಗ ನೂರು ಶರತ್ತುಗಳನ್ನು ಕಾಣುವಂತಾಗಲಿ ಎಂದು ಹರಸುತ್ತಿದ್ದರು. ಆಯುಸ್ಸನ್ನು ಎಣಿಸುವುದಕ್ಕೆ ಅವರು ಆರಿಸಿಕೊಂಡದ್ದು ಈ ಋತುವನ್ನೇ.

ಆ ನೂರು ಶರತ್ತುಗಳಲ್ಲಿ ತಂದೆತಾಯಿಗಳ ಪಾಲಿಗೆ ಬರುವುದು ಎಷ್ಟು? ಲೆಕ್ಕ ಹಾಕಿ ನೋಡಿ. ಮಗು ಎತ್ತಿಕೊಳ್ಳೆಂದು ಹಟಮಾಡದೆ ಒಂದೆರಡು ಮೈಲಿ ನಡೆಯುವಂತಾಗುವುದು ಸುಮಾರು ಐದನೆಯ ವರ್ಷಕ್ಕೆ. ಹದಿನಾಲ್ಕು ಹದಿನೈದು ತುಂಬಿತೆಂದರೆ ಗೆಳೆಯರು ಬರುತ್ತಾರೆ, ಪರೀಕ್ಷೆ ಬರುತ್ತದೆ, ತಂದೆತಾಯಿಗಳೊಡನೆ ಬೀದಿಯಲ್ಲಿ ನಡೆಯುವುದಕ್ಕೆ ಒಂದು ಬಗೆಯ ಸಂಕೋಚವೂ ಬರುತ್ತದೆ. ನಡುವೆ ಉಳಿಯುವುದು ಹತ್ತು ಶರತ್ತುಗಳು, ಹತ್ತು ದಸರೆಯ ರಜೆಗಳು. ಮಗು ತಾನಾಗಿಯೇ ನಮ್ಮ ಕೈಹಿಡಿದು ಹೊರಡುವ ಕಾಲ ಅಷ್ಟೆ. ಅವುಗಳಲ್ಲಿ ಎಷ್ಟು ಈಗಾಗಲೇ ಕಳೆದುಹೋಗಿವೆ ಎಂಬುದನ್ನು ನಿಮ್ಮ ಮನೆಯ ಮಕ್ಕಳ ವಯಸ್ಸನ್ನು ನೋಡಿ ನೀವೇ ತಿಳಿದುಕೊಳ್ಳಬಹುದು. ಉಳಿದವನ್ನು ಹೇಗೆ ಕಳೆಯಬೇಕೆಂಬುದೇ ಇಂದು ನಿಮ್ಮೊಡನೆ ಆಡಬೇಕೆಂದಿರುವ ಮಾತು.

ವಿಜಯದಶಮಿಯ ಸಂಜೆ ಊರಿನವರೆಲ್ಲ ಎಲ್ಲೆ ದಾಟಿ ಬನ್ನಿಮರದ ಬಳಿಗೆ ಹೋಗುವ ಪದ್ಧತಿ ನಿಮಗೆ ತಿಳಿದೇ ಇದೆ. ಬನ್ನಿಯ ಎಲೆಯನ್ನು ತಂದು ಹಿರಿಯರ ಕೈಗಿತ್ತು ನಮಸ್ಕರಿಸುತ್ತೇವೆ. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತೇವೆ. ಮೈಸೂರಿನ ಜಂಬೂ ಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪಕ್ಕೆ ಸಾಗುವುದೂ ಈ ಆಚಾರವನ್ನು ಅನುಸರಿಸಿಯೇ. ಇದಕ್ಕೆ ಸೀಮೋಲ್ಲಂಘನವೆಂದು ಹೆಸರು. ಮಳೆಗಾಲ ಮುಗಿದು ಹಾದಿ ಒಣಗಿದ ಮೇಲೆ ಅರಸರು ದಂಡೆತ್ತಿ ಹೊರಡುತ್ತಿದ್ದರು. ವ್ಯಾಪಾರಿಗಳು ಸರಕು ಹೇರಿಕೊಂಡು ಹೊರಡುತ್ತಿದ್ದರು. ಈಗ ದಂಡಯಾತ್ರೆಯಿಲ್ಲ. ಆದರೆ ದಾಟಬೇಕಾದ ಸೀಮೆಗಳು ಇಲ್ಲವಾಗಿವೆಯೆ? ದೊಡ್ಡವರಿಗೆ ಹೇಗೋ ತಿಳಿಯದು. ಮಕ್ಕಳಿಗಂತೂ ಅವು ಹೆಚ್ಚಾಗಿವೆ.

ಇಂದಿನ ಪಟ್ಟಣದ ಮಗುವಿನ ಸೀಮೆಯನ್ನು ಸ್ವಲ್ಪ ಅಳೆದು ನೋಡೋಣ. ಬೆಳಗ್ಗೆ ಮನೆಯ ಬಾಗಿಲಿನಿಂದ ಶಾಲೆಯ ವಾಹನಕ್ಕೆ, ವಾಹನದಿಂದ ತರಗತಿಗೆ, ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ. ಆಮೇಲೆ ಮನೆಪಾಠ, ಅದಾದ ಮೇಲೆ ದೂರದರ್ಶನವೋ ಮೊಬೈಲೋ. ಹಳ್ಳಿಯ ಮಕ್ಕಳಿಗೂ ಈಗ ಇದು ಹೊರತಲ್ಲ. ಹತ್ತು ಮೈಲಿ ದೂರದ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುವ ಹುಡುಗನಿಗೆ ಅಪ್ಪನ ಹೊಲದ ಹೆಸರು ತಿಳಿದಿರುತ್ತದೆ, ಬದು ತಿಳಿದಿರುವುದಿಲ್ಲ. ಮಗುವಿನ ಕಣ್ಣು ನೋಡುವ ದೂರ ಒಂದು ಮೊಳ. ಹೆಚ್ಚೆಂದರೆ ಗೋಡೆಯಿಂದ ಗೋಡೆಗೆ.

ಇದು ಕಣ್ಣಿಗೂ ಕೇಡು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ವೈದ್ಯರು ಒಂದು ಪ್ರಯೋಗ ನಡೆಸಿದರು. ಒಂದನೆಯ ತರಗತಿಯ ಮಕ್ಕಳಲ್ಲಿ ಅರ್ಧ ಶಾಲೆಗಳವರಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಪಾಠ, ಆಟ, ಉಳಿದವರಿಗೆ ಎಂದಿನಂತೆ. ಮೂರು ವರ್ಷಗಳಾದ ಮೇಲೆ ನೋಡಿದಾಗ, ಎಂದಿನಂತೆ ಇದ್ದ ಮಕ್ಕಳಲ್ಲಿ 100ಕ್ಕೆ ಸುಮಾರು 40 ಮಂದಿಗೆ ಹೊಸದಾಗಿ ಸಮೀಪದೃಷ್ಟಿಯ ದೋಷ ಬಂದಿತ್ತು. ಬಯಲಿಗೆ ಹೋದವರಲ್ಲಿ 100ಕ್ಕೆ ಸುಮಾರು 30 ಮಂದಿಗೆ. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಔಷಧವಿಲ್ಲ, ಖರ್ಚಿಲ್ಲ; ಬೆಳಕಿನಲ್ಲಿ ನಿಂತದ್ದೇ ಬಂದ ಲಾಭ. ಕಣ್ಣಿನ ಮಾತು ಅಳತೆಗೆ ಸಿಕ್ಕಿತು. ಮನಸ್ಸಿನ ಮಾತು ಹಾಗೆ ಅಳತೆಗೆ ಸಿಕ್ಕುವುದಿಲ್ಲ. ಆದರೆ ಒಂದು ಗುಡ್ಡವನ್ನು ಹತ್ತಿ ಇಳಿದ ಮಗುವಿನ ಮುಖವನ್ನು ನೋಡಿದವರಿಗೆ ಅದನ್ನು ಅಳೆದು ತೋರಿಸಬೇಕಾದ ಅಗತ್ಯವೂ ಇಲ್ಲ.

ಮಕ್ಕಳನ್ನು ಕಟ್ಟಿಕೊಂಡು ಬಯಲಿಗೆ ಹೋಗುವುದು ಇಂಗ್ಲಿಷ್ ಓದಿದವರ ಹವ್ಯಾಸವೆಂದು ಯಾರಾದರೂ ಭಾವಿಸಿದ್ದರೆ, ಅವರು ಶೀಗೆ ಹುಣ್ಣಿಮೆಯನ್ನು ಮರೆತಿದ್ದಾರೆ. ದಸರೆ ಕಳೆದು ಐದೇ ದಿನಕ್ಕೆ ಬರುವ ಈ ಹುಣ್ಣಿಮೆಯಂದು ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುವುದೇ ಹಬ್ಬ. ಮಲೆನಾಡಿನವರು ಇದನ್ನು ಭೂಮಿ ಹುಣ್ಣಿಮೆ ಎನ್ನುತ್ತಾರೆ. ತೆನೆ ಹೊತ್ತ ಭೂಮಿ ಬಸುರಿ ಹೆಂಗಸಿನಂತೆ. ಅವಳಿಗೆ ಬಯಕೆಯ ಊಟ ಬಡಿಸಬೇಕು. ಸಾಗರ, ಸೊರಬದ ಕಡೆಯಲ್ಲಿ ಹೆಣ್ಣುಮಕ್ಕಳು ಕೆಲವು ದಿನ ಮುಂಚಿನಿಂದಲೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಅಡುಗೆ. ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ಬೆಳಕು ಹರಿಯುವ ಮುನ್ನವೇ ಗದ್ದೆಗೆ ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಯ ಅಂಚಿನಲ್ಲಿ ಕುಳಿತು ಊಟ ಮಾಡುತ್ತಾರೆ.

ಧಾರವಾಡ, ಗದಗ, ವಿಜಯಪುರದ ಕಡೆ ಇದೇ ಶೀಗಿ ಹುಣ್ಣಿವೆ. ಹಿಂದೆ ಕೊಲ್ಲಾರಿ ಬಂಡಿ ಹೂಡಿ ಹೋಗುತ್ತಿದ್ದರು; ಈಗ ಅನೇಕರು ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ. ಬನ್ನಿಯ ಗಿಡದ ಕೆಳಗೆ ಐದು ಕಲ್ಲಿಟ್ಟು, ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಕಡುಬು, ಮೊಸರು - ಅಲ್ಲಿ ಉಂಡ ರುಚಿ ಮನೆಯಲ್ಲಿ ಅದೇ ಅಡುಗೆಗೆ ಬರುವುದಿಲ್ಲವೆಂದು ಉಂಡವರೆಲ್ಲ ಹೇಳುತ್ತಾರೆ. ಉಂಡಾದ ಮೇಲೆ ಹಿರಿಯರು ಮರದ ನೆರಳಿನಲ್ಲಿ ಒರಗುತ್ತಾರೆ. ಮಕ್ಕಳು ಹಳ್ಳ ಹುಡುಕಿಕೊಂಡು ಹೋಗುತ್ತಾರೆ. ಇದಕ್ಕಿಂತ ಒಳ್ಳೆಯ ಏರ್ಪಾಟನ್ನು ಯಾವ ಶಿಕ್ಷಣತಜ್ಞರು ಮಾಡಬಲ್ಲರು? ಹೊಲವಿರುವವರು ಈ ಹಬ್ಬವನ್ನು ಬಿಡದಿರಲಿ. ಹೊಲವಿಲ್ಲದವರು ಹೊಲವಿರುವ ನೆಂಟರನ್ನೋ ಸ್ನೇಹಿತರನ್ನೋ ಕೇಳಿಕೊಂಡು ಒಂದು ವರ್ಷವಾದರೂ ಮಕ್ಕಳನ್ನು ಕರೆದುಕೊಂಡು ಹೋಗಲಿ. ನಮ್ಮ ಹಳ್ಳಿಗರು ಆ ದಿನ ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ.

ಇನ್ನು ಪಟ್ಟಣದಿಂದ ಒಂದು ದಿನಕ್ಕೆ ಹೋಗಿ ಬರುವವರ ಮಾತು. ಬೆಂಗಳೂರು, ತುಮಕೂರಿನವರಿಗೆ ಹತ್ತಿರದಲ್ಲಿ ದೇವರಾಯನದುರ್ಗವಿದೆ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಬುಡದ ಕಾಡಿನಲ್ಲಿ ನಾಮದ ಚಿಲುಮೆ ಎಂಬ ಒರತೆ; ಶ್ರೀರಾಮನು ಹಣೆಗೆ ನಾಮವಿಡಲು ನೀರು ಬೇಕಾಗಿ ಬಾಣ ಹೂಡಿ ತೆಗೆದದ್ದೆಂದು ಕಥೆ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಆದರೆ ಮಕ್ಕಳಿಗೆ ತೋರಿಸಬೇಕಾದದ್ದು ಇನ್ನೂ ಒಂದಿದೆ. ಈ ಒಂದೇ ಬೆಟ್ಟಸಾಲಿನಲ್ಲಿ ಎರಡು ಹೊಳೆಗಳು ಹುಟ್ಟುತ್ತವೆ. ಶಿಂಷಾ ತೆಂಕಣಕ್ಕೆ ಹರಿದು, ಮಾರ್ಕೋನಹಳ್ಳಿಯ ಕಟ್ಟೆಯನ್ನು ತುಂಬಿ, ಮದ್ದೂರಿನ ಮಗ್ಗುಲಲ್ಲಿ ಸಾಗಿ ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದರ ನೀರು ಪೂಂಪುಹಾರಿನಲ್ಲಿ ಸಮುದ್ರ ಕಂಡರೆ, ಇನ್ನೊಂದರ ನೀರು ನೆಲ್ಲೂರಿನ ಆಚೆ ಸಮುದ್ರ ಕಾಣುತ್ತದೆ.

ಒಮ್ಮೆ ನಮ್ಮ ಮನೆಯವರು ಅಲ್ಲಿಗೆ ಹೋಗಿದ್ದಾಗ, ಬೆಟ್ಟದ ಮೇಲೆ ನಿಂತು ಈ ವಿಷಯವನ್ನು ಮಕ್ಕಳಿಗೆ ಹೇಳಿದೆ. ಆರು ವರ್ಷದ ಮಗ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು, "ಅಪ್ಪಾ, ಇದನ್ನ ಸರಿಯಾಗಿ ಮಧ್ಯದಲ್ಲಿ ಸುರಿದರೆ ಎಲ್ಲಿಗೆ ಹೋಗತ್ತೆ?" ಎಂದು ಕೇಳಿದ. ಅವನ ಅಕ್ಕ, "ಅರ್ಧ ಮದ್ದೂರಿಗೆ, ಅರ್ಧ ಮಧುಗಿರಿ ಕಡೆಗೆ" ಎಂದಳು. ಸುರಿದೇ ನೋಡಿದರು. ಬಂಡೆ ಬಿಸಿಲಿಗೆ ಕಾದಿತ್ತು. ನೀರು ಎರಡು ಗೇಣು ಹರಿದು ಆರಿಹೋಯಿತು. ಅಷ್ಟಕ್ಕೇ ಅವರಿಗೆ ನದಿ ಎಂದರೇನೆಂಬುದು ತಿಳಿಯಿತೆಂದು ತೋರುತ್ತದೆ. ಹಾಗಾದರೆ ಹೊಳೆಯಾಗಲು ಎಷ್ಟು ಮಳೆ ಬೇಕು ಎಂಬ ಲೆಕ್ಕ ಇಳಿಯುವ ತನಕ ನಡೆಯಿತು.

ಕೆಳಗೆ ದೇವಸ್ಥಾನದ ಅಂಗಳದಲ್ಲಿ ಅವರ ಅಜ್ಜಿ ಕಾದು ಕುಳಿತಿದ್ದರು. ಮಕ್ಕಳು ಓಡಿಹೋಗಿ ಸಂಗತಿಯನ್ನು ಹೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ತೌರಿನ ಹೊಳೆ ಇಲ್ಲಿ ಹುಟ್ಟೋದು ಅನ್ನಿ" ಎಂದರು. ಅವರ ತೌರು ಮದ್ದೂರಿನ ಕಡೆ. ಹುಡುಗಿಯಾಗಿದ್ದಾಗ ಆ ಹೊಳೆಯಲ್ಲಿ ಬಟ್ಟೆ ಒಗೆಯಲು ಹೋಗಿ, ಅಣ್ಣಂದಿರ ಕಣ್ಣು ತಪ್ಪಿಸಿ ಈಜು ಕಲಿತದ್ದು, ಅದಕ್ಕೆ ಮನೆಯಲ್ಲಿ ಬೈಸಿಕೊಂಡದ್ದು, ಎಲ್ಲವೂ ಆಗ ಹೊರಬಂತು. "ಅಜ್ಜೀ, ನಿಮಗೆ ಈಜು ಬರುತ್ತಾ?" ಎಂದು ಮೊಮ್ಮಗಳು ಕಣ್ಣರಳಿಸಿದಳು. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಇದ್ದು ಈ ಕಥೆಯನ್ನು ನಾವು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಕೇಳುವ ಸಂದರ್ಭವೇ ಬಂದಿರಲಿಲ್ಲ. ಹೊರಗೆ ಹೊರಟಾಗ ಮಕ್ಕಳು ನಾಡನ್ನು ಕಾಣುತ್ತಾರೆ, ನಿಜ. ಅದರ ಜೊತೆಗೆ ಮನೆಯವರನ್ನೂ ಹೊಸದಾಗಿ ಕಾಣುತ್ತಾರೆ.

ಬೆಟ್ಟವೇ ಬೇಕೆಂದೇನೂ ಇಲ್ಲ. ಊರ ಹೊರಗಿನ ಕೆರೆಯ ಏರಿ ಸಾಕು. ರಾಗಿಯ ಹೊಲದ ಬದು ಸಾಕು. ಹಳೆಯ ಮೈಸೂರಿನ ರೈತರು ರಾಗಿಯ ನಡುನಡುವೆ ಹುಚ್ಚೆಳ್ಳು, ಅವರೆಯ ಅಕ್ಕಡಿ ಸಾಲುಗಳನ್ನು ಬಿತ್ತುವುದುಂಟು. ಈ ಕಾಲದಲ್ಲಿ ಹುಚ್ಚೆಳ್ಳು ಹೂಬಿಟ್ಟು ಹಸುರಿನ ಮೇಲೆ ಅರಿಸಿನದ ಗೆರೆ ಎಳೆದಂತೆ ಇರುತ್ತದೆ. ಒಂದು ಹೊಲದಲ್ಲಿ ಎಷ್ಟು ಬಗೆಯ ಬೆಳೆ ಇದೆಯೆಂದು ಮಕ್ಕಳು ಎಣಿಸಲಿ. ಯಾವುದು ನಾಳೆಯ ಮುದ್ದೆ, ಯಾವುದು ಹುಳಿ, ಯಾವುದು ಎಣ್ಣೆ ಎಂದು ಹೇಳಲಿ. ಹೊರಟು ಬರುವಾಗ ಚಡ್ಡಿಯ ಅಂಚಿಗೆ, ಲಂಗದ ಅಂಚಿಗೆ ಉತ್ತರಾಣಿಯ ಬೀಜ ಅಂಟಿರುತ್ತದೆ. ಬೈಯಬೇಡಿ. ಗಿಡವು ಕಾಲಿಲ್ಲದೆ ಹೇಗೆ ಊರೂರು ತಿರುಗುತ್ತದೆ ಎಂಬ ಪಾಠವನ್ನು ಅವರು ಮೈಮೇಲೆ ಹೊತ್ತು ತಂದಿದ್ದಾರೆ.

ಕೆರೆಯ ಬಳಿ ಬಾಲ ಕುಣಿಸುತ್ತ ಓಡಾಡುವ ಪುಟ್ಟ ಹಕ್ಕಿಯನ್ನು ನೋಡಿರುತ್ತೀರಿ. ಕೆಲವು ಕಡೆ ಕುಂಡೆಕುಸ್ಕ ಎನ್ನುತ್ತಾರೆ. ಅದರಲ್ಲಿ ಬೂದು ಬೆನ್ನು, ಹಳದಿ ಹೊಟ್ಟೆಯ ಒಂದು ಜಾತಿ ಹಿಮಾಲಯದಿಂದಲೂ ಅದರಾಚೆಯಿಂದಲೂ ಸೆಪ್ಟೆಂಬರ್ ಸುಮಾರಿಗೆ ಬಂದಿಳಿಯುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ನವೆಂಬರ್ ಹೊತ್ತಿಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿಕೊಂಡು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು.

ಹಕ್ಕಿಯ ಮಾತಿರಲಿ. ಮಳೆ ಬಿಟ್ಟ ಬಯಲಿನ ಮೇಲೆ ಸಂಜೆ ಗುಂಪುಗುಂಪಾಗಿ ಹಾರಾಡುವ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಹೊಂಬಣ್ಣದ ಕೀಟವನ್ನು ತೋರಿಸಿ. ಮಾಲ್ಡೀವ್ಸ್ ದ್ವೀಪಗಳಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ, ಈ ಜಾತಿಯ ಕೀಟಗಳು ಪ್ರತಿವರ್ಷ ಅಕ್ಟೋಬರ್ ತಿಂಗಳಿನಿಂದ ಅಲ್ಲಿಗೆ ಲಕ್ಷಗಟ್ಟಲೆ ಬರುವುದನ್ನು ಗಮನಿಸಿದರು. ಅವು ಭಾರತದಿಂದ ಗಾಳಿಯನ್ನೇರಿ ಕಡಲ ಮೇಲೆ ಹಾರಿ, ಮಾಲ್ಡೀವ್ಸ್ ಮೇಲಾಗಿ ಪೂರ್ವ ಆಫ್ರಿಕಾದವರೆಗೆ ಹೋಗುತ್ತವೆಂದು 2009ರಲ್ಲಿ ಬರೆದರು. ಒಂದು ಬೆರಳಿನಷ್ಟು ಉದ್ದದ ಕೀಟದ ಸೀಮೋಲ್ಲಂಘನ ಇದು! ಇದನ್ನು ಕೇಳಿದ ಮೇಲೆ ಅದರ ಬಾಲಕ್ಕೆ ದಾರ ಕಟ್ಟುವ ಹುಡುಗ ಎರಡು ಸಲ ಯೋಚಿಸುತ್ತಾನೆ.

ಹೊರಗೆ ಹೋಗುವುದೆಂದರೆ ಅಪಾಯವಿಲ್ಲವೆ ಎಂದು ತಾಯಂದಿರು ಕೇಳುವುದು ಸಹಜ. ಇದೆ. ಅಪಾಯವನ್ನು ತಿಳಿದು ನಡೆಯುವುದನ್ನು ಕಲಿಸುವುದಕ್ಕಾಗಿಯೇ ನಾವು ಜೊತೆಗೆ ಹೋಗುವುದು. ಶರದೃತುವೆಂದರೆ ಮಳೆ ಮುಗಿಯಿತೆಂದು ತಿಳಿಯಬಾರದು. ಮುಂಗಾರು ಹಿಂದೆ ಸರಿಯುವ ಅಕ್ಟೋಬರಿನಲ್ಲಿ ನಮ್ಮ ದಕ್ಷಿಣದ ಒಳನಾಡಿಗೆ ಗುಡುಗಿನ ಮಳೆ ಹೆಚ್ಚು. ಅದು ಬರುವುದೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಆದ್ದರಿಂದ ನಸುಕಿನಲ್ಲಿ ಹೊರಟು ಹಗಲೂಟದ ಹೊತ್ತಿಗೆ ಬೆಟ್ಟ ಇಳಿದಿರಬೇಕು. ಮಿಂಚು ಕಂಡೊಡನೆ ಮಕ್ಕಳಿಂದ ಸೆಕೆಂಡುಗಳನ್ನು ಎಣಿಸಿರಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಗಟ್ಟಿಯಾದ ಕಟ್ಟಡವನ್ನೋ ಮುಚ್ಚಿದ ಮೋಟಾರನ್ನೋ ಸೇರಬೇಕು. ಒಂಟಿ ಮರದ ಕೆಳಗೆ, ಬೋಳು ಬಂಡೆಯ ಮೇಲೆ, ನೀರಿನಲ್ಲಿ ನಿಲ್ಲಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವ ತನಕ ಹೊರಗೆ ಬರಬಾರದು.

ಇನ್ನು ನೀರು. ಕಲ್ಲುಗಣಿಯ ಹೊಂಡಗಳಿಗೆ ಇಳುಕಲಿಲ್ಲ, ಒಮ್ಮೆಗೇ ಆಳ. ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳಂತೂ ನೋಡಲು ತಿಳಿಯಾಗಿದ್ದರೂ, ಜಾರಿ ಬಿದ್ದವರಿಗೆ ಹತ್ತಿ ಬರಲು ಹಿಡಿತ ಸಿಕ್ಕುವುದಿಲ್ಲ. ಇವೆರಡರ ಬಳಿಗೆ ಮಕ್ಕಳನ್ನು ಬಿಡಲೇಬಾರದು. ಪಾಚಿ ಹಿಡಿದ ಬಂಡೆ, ಹೆಜ್ಜೇನು ಕಟ್ಟಿದ ಕೋಡುಗಲ್ಲು - ಇವುಗಳಿಂದಲೂ ದೂರ. ಕಾಡಿನಲ್ಲಿ ದಾರಿ ಬಿಡಬಾರದು. ಕತ್ತಲಾಗುವ ಮೊದಲೇ ಹೊರಗಿರಬೇಕು. ಇಷ್ಟನ್ನು ಕಟ್ಟುನಿಟ್ಟಾಗಿ ಪಾಲಿಸಿ, ಉಳಿದದ್ದಕ್ಕೆ ಕೈಬಿಡಿ. ಮಂಡಿ ತರಚಲಿ, ಬಟ್ಟೆ ಕೆಸರಾಗಲಿ, ಕಾಲುಹೊಳೆಯಲ್ಲಿ ಚಪ್ಪಲಿ ನೆನೆಯಲಿ. ಎಲ್ಲಕ್ಕೂ ಬೇಡ ಎಂದರೆ ಮಕ್ಕಳು ನಿಜವಾಗಿ ಬೇಡವಾದ ಒಂದನ್ನೂ ಕೇಳದಂತಾಗುತ್ತಾರೆ.

ನಮಗೆ ರೂಢಿಯಿಂದ ಒಪ್ಪಿತವಾದ ಒಂದೆರಡು ಕ್ರಮಗಳನ್ನು ಹೇಳುತ್ತೇನೆ. ಎಲ್ಲರಿಗಿಂತ ಚಿಕ್ಕವರು ಮುಂದೆ ನಡೆಯಬೇಕು. ಅವರ ನಡಿಗೆಯೇ ಎಲ್ಲರ ನಡಿಗೆ. ಪ್ರತಿಯೊಂದು ಮಗುವಿಗೂ ತನ್ನ ಹೊರೆ ಇರಬೇಕು: ನೀರು, ಒಂದು ಕರ್ಚೀಫು, ಬೆಲ್ಲ ಮತ್ತು ಕಡಲೆಕಾಯಿ. ಬುತ್ತಿಯನ್ನು ಬಿಚ್ಚುವ ಜಾಗವನ್ನು ಮಕ್ಕಳೇ ಆರಿಸಲಿ. ಅಲ್ಲಿ ಇರುವೆಯ ಗೂಡಿದ್ದರೆ ಮುಂದಿನ ಸಲ ನೋಡಿ ಆರಿಸುತ್ತಾರೆ. ತಂದ ಕಾಗದ, ಪ್ಲಾಸ್ಟಿಕ್ ಎಲ್ಲವೂ ಅದೇ ಚೀಲದಲ್ಲಿ ಮನೆಗೆ ಮರಳಲಿ. ಮೊಬೈಲು ಒಂದು ಮಾತ್ರ, ಅದೂ ಚೀಲದ ತಳದಲ್ಲಿ, ಆಪತ್ತಿಗೆಂದು. ಕವಲುದಾರಿ ಬಂದಾಗ ಯಾವ ಕಡೆ ಎಂದು ಮಕ್ಕಳನ್ನು ಕೇಳಿ. ತುದಿಯವರೆಗೆ ಹೋಗಲೇಬೇಕೆಂಬ ಛಲ ದೊಡ್ಡವರಿಗೆ ಬೇಡ. ಅರ್ಧ ಬೆಟ್ಟದಲ್ಲಿ ಒಂದು ಓತಿಕ್ಯಾತವನ್ನು ಅರ್ಧ ಗಂಟೆ ನೋಡುತ್ತ ಕುಳಿತ ಮಗು ತನ್ನ ಬೆಟ್ಟವನ್ನು ಹತ್ತಿಯೇ ಇದೆ.

ಹೊರಗೆ ಹೋಗಲು ಸಾಧ್ಯವೇ ಆಗದ ಮನೆಯವರಿಗೂ ಒಂದು ದಾರಿಯುಂಟು. ಕಾರ್ತಿಕ ಮಾಸದ ಚಂದ್ರನಿಲ್ಲದ ಒಂದು ರಾತ್ರಿ ಊಟವಾದ ಮೇಲೆ ತಾರಸಿಗೋ ಅಂಗಳಕ್ಕೋ ಬಂದು ಮೂಡಲ ಕಡೆ ನೋಡಿ. ಪುಟ್ಟ ಗೊಂಚಲಿನಂತೆ ಒತ್ತಾಗಿ ಕಾಣುವ ನಕ್ಷತ್ರಗಳೇ ಕೃತ್ತಿಕೆ. ಹುಣ್ಣಿಮೆಯ ಚಂದ್ರ ಅದರ ಬಳಿ ಇರುವ ತಿಂಗಳು ಕಾರ್ತಿಕ. ಅಶ್ವಿನಿಯ ಬಳಿ ಇದ್ದ ತಿಂಗಳು ಆಶ್ವಯುಜ. ಗೊಂಚಲಿನಲ್ಲಿ ಎಷ್ಟು ಚುಕ್ಕೆಗಳಿವೆಯೆಂದು ಮಕ್ಕಳು ಎಣಿಸಲಿ. ಅಜ್ಜನಿಗೆ ನಾಲ್ಕು, ಅಪ್ಪನಿಗೆ ಐದು, ಮಗಳಿಗೆ ಆರೋ ಏಳೋ ಕಾಣಿಸಬಹುದು. ಆ ಎಳೆಯ ಕಣ್ಣಿನ ದೂರವನ್ನು ಕಾಪಾಡಿಕೊಡುವುದು ನಮ್ಮ ಕೈಯಲ್ಲಿದೆ.

ಈ ಸಲದ ದಸರೆಯ ರಜೆಯಲ್ಲಿ ಒಂದು ದಿನವನ್ನು ಈಗಲೇ ಗುರುತು ಹಾಕಿಕೊಳ್ಳಿ. ದೂರ ಹೋಗಬೇಕಾಗಿಲ್ಲ, ಮಗು ಈವರೆಗೆ ನಡೆದು ದಾಟದ ಒಂದು ಗೆರೆಯನ್ನು ನಿಮ್ಮೊಡನೆ ದಾಟಿದರೆ ಸಾಕು. ಅದು ಊರ ಮುಂದಿನ ಹಳ್ಳವೇ ಆಗಿರಬಹುದು. ಹತ್ತು ಶರತ್ತುಗಳಲ್ಲಿ ಹತ್ತು ಗೆರೆಗಳಾದವು. ಹನ್ನೊಂದನೆಯದನ್ನು ಅವರು ತಾವೇ ದಾಟುತ್ತಾರೆ.